ಕುಮಟಾದಿಂದ ಗೋಕರ್ಣಕ್ಕೆ, ಕಡಲು ಬಿಟ್ಟ ದಾರಿಯಲ್ಲಿ

ಕುಮಟಾದ ವನ್ನಳ್ಳಿಯಲ್ಲಿ ಬಲೆ ಬಿಡಿಸುತ್ತಾ ಕೂತಿದ್ದ ಅಜ್ಜನ ಹತ್ತಿರ ನನ್ನ ಗೆಳೆಯ ದಾರಿ ಕೇಳಿದ. ಅಜ್ಜ ದಾರಿ ಹೇಳಲಿಲ್ಲ, ನೀರಿನ ಕಡೆ ನೋಡಿದರು. "ಎಂಟೂವರೆಗೆ ಪೂರ್ತಿ ಇಳಿತದೆ. ಅಷ್ಟರೊಳಗೆ ಕಲ್ಲು ದಾಟ್ಕೊಳ್ಳಿ ತಮ್ಮಾ. ಆಮೇಲೆ ಏರ್ತದೆ, ಗುಡ್ಡ ಹತ್ತಬೇಕಾಗ್ತದೆ" ಅಂದರು. ಇಡೀ ದಿನ ನಮಗೆ ಉಪಯೋಗಕ್ಕೆ ಬಂದಿದ್ದು ಇದೊಂದೇ ಮಾತು. ಮೊಬೈಲಿನ ಮ್ಯಾಪಿನಲ್ಲಿ ನೀಲಿ ಗೆರೆ ನೇರವಾಗಿ ಕಡಲೊಳಗೇ ಹೋಗಿತ್ತು.

ಇಲ್ಲಿ ಮರಳು ಒಂದೇ ಸಮನೆ ಸಿಗುವುದಿಲ್ಲ. ಅರ್ಧ ಗಂಟೆ ಮರಳಲ್ಲಿ ನಡೆದರೆ ಗುಡ್ಡವೊಂದು ಮೂಗು ಚಾಚಿ ಕಡಲಿಗಿಳಿದಿರುತ್ತದೆ. ನೀರು ಇಳಿದಿದ್ದರೆ ಅದರ ಬುಡದಲ್ಲಿ ಕಲ್ಲಿಂದ ಕಲ್ಲಿಗೆ ಕಾಲಿಡುತ್ತಾ ಸುತ್ತಿ ಹೋಗಬಹುದು. ಏರಿದ್ದರೆ ಮೇಲೆ ಹತ್ತಿ ಇಳಿಯಬೇಕು. ಭರತ ಇಳಿತಗಳ ನಡುವೆ ಸುಮಾರು ಆರು ತಾಸು, ಆ ಸಮಯವೂ ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿಯೇ ಮುಂದೆ ಹೋಗುತ್ತದೆ. ನಿನ್ನೆ ನಡೆದು ಬಂದವರ ಲೆಕ್ಕ ಇವತ್ತಿಗೆ ಆಗುವುದಿಲ್ಲ.

ಕಡ್ಲೆ ದಾಟಿ ಬಾಡದ ಕಡೆ ಹೋಗುವಾಗ ನಾನು ಕಡಲು ನೋಡಿದ್ದು ಕಡಿಮೆ, ಕಲ್ಲು ನೋಡಿದ್ದೇ ಜಾಸ್ತಿ. ಗುಡ್ಡದ ಮೈಯೆಲ್ಲ ಕೆಂಪು ಚಿರೇಕಲ್ಲು. ಲಕ್ಷಾಂತರ ವರ್ಷಗಳ ಮಳೆ ಬೇರೆಲ್ಲ ತೊಳೆದುಕೊಂಡು ಹೋಗಿ ಕಬ್ಬಿಣದ ಅಂಶ ಉಳಿದಿರುವುದಕ್ಕೇ ಆ ಬಣ್ಣ. ಅಗೆಯುವಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ ಅಂತ ಊರವರು ಅದನ್ನು ಕಡಿದು ಮನೆ ಕಟ್ಟುತ್ತಾರೆ. ಆದರೆ ಕಡಲಂಚಿನಲ್ಲಿ ಅದು ಜೇನುಗೂಡಿನ ಹಾಗೆ ತೂತು ತೂತು, ಅಂಚೆಲ್ಲ ಹರಿತ. ಒಂದು ಕಡೆ ಕೈ ಊರಿ ಎದ್ದೆ, ಅಂಗೈ ತುಂಬ ಕೆಂಪು ಪುಡಿ ಮತ್ತು ಸಣ್ಣ ಗೀರುಗಳು. ಕೆಳಗಿನ ಕರಿ ಬಂಡೆಗಳದ್ದು ಇನ್ನೊಂದು ಕಥೆ. ಹಸಿರು ಪಾಚಿ ಇದ್ದಲ್ಲಿ ಕಾಲು ಜಾರುತ್ತದೆ, ಚಿಪ್ಪು ಅಂಟಿದ್ದಲ್ಲಿ ಜಾರುವುದಿಲ್ಲ, ಆದರೆ ಬಿದ್ದರೆ ಚರ್ಮ ಸುಲಿಯುತ್ತದೆ. ಚಪ್ಪಲಿ ಹಾಕಿಕೊಂಡು ಈ ದಾರಿಗೆ ಬರಲೇಬೇಡಿ.

ಕಾಗಾಲದಲ್ಲಿ ಗಾಳಿಮರದ ನೆರಳಿಗೆ ಕೂತು ಅವಲಕ್ಕಿ ತಿಂದೆವು. ಉದ್ದನೆಯ ಮರಳು, ಒಬ್ಬರೂ ಇರಲಿಲ್ಲ.

ಅಘನಾಶಿನಿ ಊರಿಗೆ ಬಂದಾಗ ಮಧ್ಯಾಹ್ನ. ನೀರು ಏರುತ್ತಿತ್ತು. ಕೆಸರಲ್ಲಿ ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಿದ್ದ ಹೆಂಗಸರು ತುಂಬಿದ ಚೀಲ ಹೊತ್ತು ದಡಕ್ಕೆ ಬರುತ್ತಿದ್ದರು. "ಕೇಜಿ ಎಷ್ಟಮ್ಮಾ?" ಅಂದರೆ, "ನೀವು ನಡ್ಕೊಂಡು ಹೋಗೋರು, ಎಲ್ಲಿ ಬೇಯಿಸ್ತೀರಿ?" ಅಂತ ನಕ್ಕರು. ಶಿರಸಿ ಕಡೆಯಿಂದ ಅಣೆಕಟ್ಟಿನ ತಡೆಯಿಲ್ಲದೆ ಹರಿದು ಬರುವ ಅಘನಾಶಿನಿ ನದಿ ಇದು. ಸಿಹಿನೀರು ಉಪ್ಪುನೀರು ಹದವಾಗಿ ಬೆರೆಯುವುದರಿಂದಲೇ ಇಲ್ಲಿ ಇಷ್ಟು ಬಳಚು, ಗಜನಿಯಲ್ಲಿ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆಗಳಲ್ಲಿ, ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ, ಸಾಣಿಕಟ್ಟೆಯ ಉಪ್ಪು. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ಪಟ್ಟ, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿತು. ಆ ಸುದ್ದಿ ಓದಿದಾಗ ನನಗೆ ಹಕ್ಕಿಗಳಷ್ಟೇ ನೆನಪಾಗಿದ್ದವು. ಇಲ್ಲಿ ನಿಂತಾಗ ಕಂಡಿದ್ದು ಸೊಂಟದವರೆಗೆ ಒದ್ದೆಯಾದ ಸೀರೆಗಳು.

ದೋಣಿ ಹತ್ತಿ ತದಡಿಗೆ ದಾಟಿದೆವು. ಬಂದರಿನ ತುಂಬ ಮೀನು ವಾಸನೆ, ಊಟ ಅಲ್ಲೇ ಆಯಿತು.

ಬೇಲೇಕಾನ್ ದಾಟುವಾಗ ನೀರು ತುಂಬಿ ನಿಂತಿತ್ತು. ಅಜ್ಜ ಹೇಳಿದ ಹಾಗೇ ಗುಡ್ಡವೇ ಗತಿ. ಕುರುಚಲು ಗಿಡಗಳ ನಡುವೆ ಒಬ್ಬರೇ ನಡೆಯುವಷ್ಟು ಕಾಲುದಾರಿ, ಎಡಕ್ಕೆ ನೇರ ಕೆಳಗೆ ಅಲೆ. ಪ್ಯಾರಡೈಸ್ ಬೀಚಿಗೆ ಇಳಿದು, ಮತ್ತೆ ಹತ್ತಿ, ಹಾಫ್ ಮೂನ್ ಬೀಚಿಗೆ ಇಳಿದು, ಮತ್ತೆ ಹತ್ತಿ. ಇವೆರಡಕ್ಕೂ ರಸ್ತೆಯಿಲ್ಲ, ದೋಣಿ ಇಲ್ಲವೇ ಕಾಲೇ ಗತಿ. ಆದರೂ ಪ್ಲಾಸ್ಟಿಕ್ ಬಾಟಲಿಗಳು ನಮಗಿಂತ ಮೊದಲೇ ಬಂದಿದ್ದವು!

ಓಂ ಬೀಚಿಗೆ ಬಂದಾಗ ಒಮ್ಮೆಲೇ ಜನ, ಹಾಡು, ಫೋಟೋ. ಮೇಲಿಂದ ನೋಡಿದರೆ ಎರಡು ಅರ್ಧಚಂದ್ರ, ನಡುವೆ ಬಂಡೆ, ಚೆಂದವೇ. ಆದರೆ ನನ್ನನ್ನು ಕೇಳಿದರೆ ಬೆಳಗಿನ ಅರ್ಧವೇ ಮೇಲು. ಗೆಳೆಯ ಒಪ್ಪಲಿಲ್ಲ. "ಅಲ್ಲಿ ಒಂದು ಲೋಟ ಚಹಾ ಆದರೂ ಸಿಕ್ತಾ?" ಅಂತ ಅವನ ವಾದ. ಕುಡ್ಲೆ ದಾಟಿ ಗೋಕರ್ಣದ ಪೇಟೆಗೆ ಇಳಿಯುವವರೆಗೂ ಜಗಳ ಮುಗಿದಿರಲಿಲ್ಲ. ನಿಮಗೆ ಅರ್ಧ ದಿನ ಮಾತ್ರ ಇದ್ದರೆ ಕುಮಟಾದಿಂದ ಅಘನಾಶಿನಿವರೆಗೆ ನಡೆಯಿರಿ, ಚಹಾ ಫ್ಲಾಸ್ಕಿನಲ್ಲಿ ಒಯ್ಯಿರಿ. ಹೊರಡುವ ಮುಂಚೆ ಮಾತ್ರ ದಡದಲ್ಲಿ ಯಾರನ್ನಾದರೂ ಇಳಿತ ಎಷ್ಟು ಹೊತ್ತಿಗೆ ಅಂತ ಕೇಳಿ.