ಎರಡು ಬ್ರಹ್ಮಗಿರಿಗಳು, ಒಂದು ಕರ್ಣಕುಂಡಲ: ಹರ್ಬೇರಿಯಂ ಪಟ್ಟಿಯ ಈವರೆಗಿನ ಪ್ರಗತಿ

ಇಂಪೇಷಿಯನ್ಸ್ ಸ್ಕೇಪಿಫ್ಲೋರಾ ಎಂಬ ಪುಟ್ಟ ಕಾಡು ಕರ್ಣಕುಂಡಲದ ಕೊಡಗಿನ ಹರ್ಬೇರಿಯಂ (ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳ ಸಂಗ್ರಹ) ದಾಖಲೆಗಳನ್ನು ಒಂದೆಡೆ ಪಟ್ಟಿ ಮಾಡುವ ಕೆಲಸವು ಈಗ ಸ್ಥಳನಿರ್ಣಯದ ಹಂತಕ್ಕೆ ಬಂದಿದೆ. ನೀರು ಒಸರುವ ಬಂಡೆಗಳ ಮೇಲೆ ಬೆಳೆಯುವ ಈ ಗಿಡಕ್ಕೆ ಕಾಂಡವೆಂಬುದೇ ಇಲ್ಲ. ಗಡ್ಡೆಯಿಂದ ನೇರವಾಗಿ ಎಲೆಗಳೂ ಅವುಗಳ ನಡುವಿನಿಂದ ಬರಿಯ ಹೂದಂಟೂ ಹೊರಡುತ್ತವೆ. ಇದಕ್ಕೆ ಹೆಸರಿಟ್ಟ ಸಸ್ಯವಿಜ್ಞಾನಿ ಬೆಂಜಮಿನ್ ಹೈನೆ 1819ರಲ್ಲಿ ತೀರಿಕೊಂಡನು; ಹೆಸರು ಅಚ್ಚಾದದ್ದು 1824ರಲ್ಲಿ, ವಿಲಿಯಂ ರಾಕ್ಸ್‌ಬರ್ಗನ ಸಸ್ಯಗ್ರಂಥ ಫ್ಲೋರಾ ಇಂಡಿಕಾದ ಎರಡನೆಯ ಸಂಪುಟದಲ್ಲಿ.

ಹಾಳೆಗಳ ಮೇಲೆ ಸಂಗ್ರಾಹಕರು ಸ್ಥಳ, ದಿನಾಂಕ ಬರೆದ ಹಳೆಯ ಚೀಟಿಗಳನ್ನು ಓದುವಾಗ 1956ರ ಗಡಿಯನ್ನು ನೆನಪಿನಲ್ಲಿಡಬೇಕಾಗುತ್ತದೆ. ಅಲ್ಲಿಯವರೆಗೆ ‘ಕೂರ್ಗ್’ ಎಂಬುದು ಜಿಲ್ಲೆಯಾಗಿರದೆ ಪ್ರತ್ಯೇಕ ಆಡಳಿತ ಘಟಕವೇ ಆಗಿದ್ದುದರಿಂದ, ಅಷ್ಟನ್ನೇ ಬರೆದು ಸುಮ್ಮನಾಗುವುದು ಸಂಗ್ರಾಹಕರಿಗೆ ಸಾಕೆನಿಸಿರಬಹುದು. ‘ಮರ್ಕಾರಾ’ ಎಂದಿದ್ದರೆ ಅದು ಮಡಿಕೇರಿ ಎಂಬುದರಲ್ಲಿ ಅನುಮಾನವಿಲ್ಲ. ನಿಜವಾದ ತೊಡಕು ‘ಬ್ರಹ್ಮಗಿರಿ’ಯದು. ತಲಕಾವೇರಿಯ ನೆತ್ತಿಯ ಮೇಲಿನ ಬೆಟ್ಟವೂ ಬ್ರಹ್ಮಗಿರಿ, ಇರ್ಪು ಜಲಪಾತದ ಮೇಲೆ ಕೇರಳದ ಗಡಿಯುದ್ದಕ್ಕೆ ಹಬ್ಬಿದ ಸಾಲೂ ಬ್ರಹ್ಮಗಿರಿ. ಎರಡರ ನಡುವಿನ ನೇರ ಅಂತರವೇ 60 ಕಿಲೋಮೀಟರಿಗೂ ಹೆಚ್ಚು. ಕೊಡಗಿನಲ್ಲಿ ಓಡಾಡದವರು ಕಂಪ್ಯೂಟರಿನ ಮುಂದೆ ಕುಳಿತು ಅಕ್ಷಾಂಶ, ರೇಖಾಂಶ ತುಂಬಿದರೆ ಗಿಡವು ಜಿಲ್ಲೆಯ ಈ ತುದಿಯಿಂದ ಆ ತುದಿಗೆ ಜಿಗಿಯುವುದು ಖಂಡಿತ. ಆದ್ದರಿಂದ ಒಂದೇ ಹಾಳೆಯನ್ನು ನಂಬದೆ, ಅದೇ ಸಂಗ್ರಾಹಕರ ಹಿಂದಿನ ಮತ್ತು ಮುಂದಿನ ಕ್ರಮಸಂಖ್ಯೆಯ ಹಾಳೆಗಳನ್ನು, ಅವು ಬೇರೆ ಗಿಡಗಳವಾದರೂ ಸರಿ, ಹುಡುಕಿ ನೋಡುತ್ತಿದ್ದೇನೆ: ಆಸುಪಾಸಿನ ದಿನಾಂಕಗಳಲ್ಲಿ ಭಾಗಮಂಡಲ ಬಂದರೆ ಉತ್ತರದ ಬೆಟ್ಟ, ಶ್ರೀಮಂಗಲವೋ ಇರ್ಪುವೋ ಬಂದರೆ ದಕ್ಷಿಣದ ಸಾಲು.

ಗುರುತಿನ ವಿಷಯದಲ್ಲಿ ಇಷ್ಟು ಧೈರ್ಯವಿಲ್ಲ. ಇದನ್ನೇ ಹೋಲುವ ಇಂಪೇಷಿಯನ್ಸ್ ಅಕಾಲಿಸ್ ಕೂಡ ಪಶ್ಚಿಮ ಘಟ್ಟದ್ದೇ. ಇವೆರಡನ್ನು ಬೇರ್ಪಡಿಸಲು ಹೂವಿನ ದಳಗಳನ್ನು ನೋಡಲೇಬೇಕು. ಆದರೆ ಕರ್ಣಕುಂಡಲದ ಎಸಳು ಒತ್ತಿ ಒಣಗಿಸಿದೊಡನೆ ಒದ್ದೆ ಕಾಗದದಂತೆ ಮುದುಡಿ ಹಾಳೆಗೆ ಅಂಟಿಬಿಡುತ್ತದೆ. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ತನ್ನ ಇಳಿವಯಸ್ಸನ್ನೆಲ್ಲ ಇದೇ ಕುಲಕ್ಕೆ ಸವೆಸಿದ್ದು ಏಕೆಂದು ಅಂಥ ನಾಲ್ಕು ಹಾಳೆಗಳನ್ನು ಭೂತಗನ್ನಡಿಯಲ್ಲಿ ನೋಡಿದವರಿಗೆ ತಿಳಿಯುತ್ತದೆ. ಅಂತರಜಾಲದ ಚಿತ್ರಗಳಲ್ಲಿ ದಳ ಸ್ಪಷ್ಟವಾಗಿರದ ಹಾಳೆಗಳಿಗೆ ಪ್ರಭೇದದ ಹೆಸರನ್ನು ಹಾಕದೆ ಬಿಟ್ಟಿದ್ದೇನೆ.

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬಂಡೆಗಳ ಮೇಲೆ ಹೂವು ಅರಳಿರುವಾಗ ದಳಗಳನ್ನು ಎದುರಿನಿಂದಲೂ ಪಕ್ಕದಿಂದಲೂ ಅಳತೆಪಟ್ಟಿಯೊಂದಿಗೆ ಚಿತ್ರ ತೆಗೆಯುವುದಷ್ಟೇ ನನ್ನ ಕ್ಷೇತ್ರಕಾರ್ಯ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗಿಡ ಕೀಳುವ ಪ್ರಶ್ನೆಯೇ ಇಲ್ಲ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನಲ್ಲಿ ಹಾಳೆಗಳನ್ನು ಕಣ್ಣಾರೆ ನೋಡಬೇಕಿದೆ. ಅದುವರೆಗೆ, ಯಾವ ಬ್ರಹ್ಮಗಿರಿ ಎಂದು ತೀರ್ಮಾನವಾಗದ ದಾಖಲೆಗಳಿಗೆ ನಕ್ಷೆಯಲ್ಲಿ ಚುಕ್ಕೆ ಇಡುವುದಿಲ್ಲ. ಅವು ಪಟ್ಟಿಯ ಪ್ರತ್ಯೇಕ ಪುಟದಲ್ಲಿ, ಚೀಟಿಯ ಮೂಲ ಬರಹದೊಂದಿಗೆ ಇರುತ್ತವೆ.