ಯೆರೆಮೀಯ 29:11ರ ಅಕ್ಕಪಕ್ಕ

ರಿಸಲ್ಟ್ ವಾರ ಬಂತೆಂದರೆ ಮುಂಬಯಿಯ ನಮ್ಮ ಸಭೆಗಳ ಹುಡುಗ ಹುಡುಗಿಯರ ವಾಟ್ಸಾಪ್ ಸ್ಟೇಟಸ್ ತುಂಬ ಬೈಬಲಿನ ಯೆರೆಮೀಯ 29:11: ನಿಮ್ಮ ಬಗ್ಗೆ ನನ್ನ ಯೋಚನೆಗಳು ಹಿತದವು, ಅಹಿತದವಲ್ಲ, ನಿಮಗೆ ನಿರೀಕ್ಷೆಯಿರಲಿ ಎನ್ನುತ್ತಾನೆ ದೇವರು. ವಚನ ಒಳ್ಳೆಯದೇ. ಆದರೆ ಒಂಟಿಯಾಗಿ ಕತ್ತರಿಸಿದರೆ ‘ಈ ತಿಂಗಳೇ ಕೆಲಸ’ ಎಂಬ ಗ್ಯಾರಂಟಿ ಕಾರ್ಡ್ ಆಗಿಬಿಡುತ್ತದೆ, ಸಿಗದಿದ್ದರೆ ಕೋಪ ದೇವರ ಮೇಲೆ!

ಅದು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆ ಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ. ಅವರು ಊರಿಗೆ ಮರಳುವುದು 70 ವರ್ಷದ ಮೇಲೆ ಎಂದು ಹಿಂದಿನ ವಚನದಲ್ಲೇ ಇದೆ. 28ನೇ ಅಧ್ಯಾಯದ ಹನನ್ಯ ಎಂಬ ಸುಳ್ಳು ಪ್ರವಾದಿ ಎರಡೇ ವರ್ಷ ಎಂದಿದ್ದ. ಕೇಳಲು ಹಿತ, ಆದರೆ ಸುಳ್ಳು.

ಪತ್ರದ ತಿರುಳು 5ರಿಂದ 7ರಲ್ಲಿದೆ: ಮನೆ ಕಟ್ಟಿ, ತೋಟ ಮಾಡಿ, ಮದುವೆಯಾಗಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಊರು ಬಿಟ್ಟು ಡೊಂಬಿವಲಿಯ ಬಾಡಿಗೆ ಕೋಣೆಯಲ್ಲಿರುವವರಿಗೆ 11ಕ್ಕಿಂತ 7ನೇ ವಚನವೇ ಹೆಚ್ಚು ಕೆಲಸಕ್ಕೆ ಬರುತ್ತದೆ (ಇದು ನನ್ನ ಅಭಿಪ್ರಾಯ).

ಸ್ಟೇಟಸ್ ಹಾಕುವ ಮುನ್ನ 4ರಿಂದ 14ರವರೆಗೆ ಓದಿ. ಲೋಕಲ್ ಠಾಣೆ ಬಿಟ್ಟು ಮುಲುಂಡ್ ತಲುಪುವಷ್ಟರಲ್ಲಿ ಮುಗಿಯುತ್ತದೆ. ಯಾರಿಗೆ ಹೇಳಿದ್ದು, ಯಾವಾಗ, ಮುಂಚೆ ಏನಿದೆ, ಇಷ್ಟು ನೋಡಿದರೆ ಸಾಕು. ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದ 4:13 (‘ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲವನ್ನೂ ಮಾಡಬಲ್ಲೆ’) ಕೂಡ ಹಾಗೇ. ಜಿಮ್ ಫೋಟೋದ ಕೆಳಗೆ ಹಾಕುವವರು 11ರಿಂದ ಓದಿ: ಪೌಲ ಬೇಡಿಯಲ್ಲಿದ್ದುಕೊಂಡು ಹಸಿವು, ಕೊರತೆಯ ಬಗ್ಗೆ ಬರೆಯುತ್ತಿದ್ದಾನೆ.