ಎಫೆಸದ ಐದಕ್ಕೂ ಮೊದಲು ನಾಲ್ಕು

ಹುಬ್ಬಳ್ಳಿ, ಧಾರವಾಡ, ಗದಗ-ಬೆಟಗೇರಿ ಕಡೆ ಚರ್ಚಿನ ಮದುವೆಗಳಲ್ಲಿ ಬೈಬಲಿನ ಎಫೆಸ, ಅಂದರೆ ಪೌಲ ಎಫೆಸದವರಿಗೆ ಬರೆದ ಪತ್ರದ ಐದನೇ ಅಧ್ಯಾಯ ಓದುವುದು ಸಾಮಾನ್ಯ. ಗಂಡ ಪ್ರೀತಿಸಬೇಕು, ಹೆಂಡತಿ ಗೌರವಿಸಬೇಕು. ಸರಿ, ದಿನಾ ಹೇಗೆ? ಅದು ನಾಲ್ಕನೆಯದರ ಕೊನೆಯಲ್ಲಿದೆ, 25ರಿಂದ 32ನೇ ವಚನ. ಪೌಲನ ಪತ್ರದಲ್ಲಿ ಎರಡರ ನಡುವೆ ಗೆರೆ ಇರಲಿಲ್ಲ. ಈಗಿರುವ ಅಧ್ಯಾಯ ವಿಂಗಡಣೆ 13ನೇ ಶತಮಾನದ್ದು.

ಹೊತ್ತು ಮುಳುಗುವ ಮುಂಚೆ ಸಿಟ್ಟು ಬಿಡಿ ಎನ್ನುವ 26ನೇ ವಚನವನ್ನು ಬಹಳ ಮಂದಿ ತಪ್ಪಾಗಿ ಹಿಡಿದಿದ್ದಾರೆ. ಜಗಳ ಅವತ್ತೇ ಮುಗಿಯಬೇಕೆಂದು ರಾತ್ರಿ ಹನ್ನೊಂದರವರೆಗೆ ವಾದ ಎಳೆಯುತ್ತಾರೆ. ವಚನ ಬಿಡಲು ಹೇಳಿದ್ದು ಸಿಟ್ಟನ್ನು. ವಿಷಯ ಮುಂಜಾನೆವರೆಗೆ ತಡೆದೀತು. ನಾಬಾಲನ ಹೆಂಡತಿ ಅಬೀಗೈಲಳನ್ನು ನೋಡಿ (1 ಸಮುವೇಲ 25). ನಾಬಾಲ ಕಂಠಪೂರ್ತಿ ಕುಡಿದಿದ್ದ. ಅವನಿಂದ ಅವಮಾನವಾಯಿತೆಂದು ದಾವೀದ 400 ಜನರೊಂದಿಗೆ ಕತ್ತಿ ಕಟ್ಟಿಕೊಂಡು ಅವನ ಮೇಲೆ ಹೊರಟಿದ್ದನ್ನು ತಡೆದು ಬಂದಿದ್ದರೂ ಆಕೆ ಆ ರಾತ್ರಿ ತುಟಿ ಬಿಚ್ಚಲಿಲ್ಲ. ಅಮಲಿಳಿದ ಮೇಲೆ, ಬೆಳಿಗ್ಗೆ, ಎಲ್ಲವನ್ನೂ ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ ಎಂಬುದೂ ಮುಖ್ಯ.

ಹಾಗಾಗಿ ಮುಂದೂಡುವಾಗ ಹೊತ್ತು ಹೇಳಿ: “ಈಗ ಬ್ಯಾಡ, ಮುಂಜಾನೆ ಚಾ ಕುಡಿಯೂಮುಂದ ಮಾತಾಡೂಣು.” ಹೊತ್ತು ಹೇಳದೆ ಸುಮ್ಮನಾದರೆ ಅದು ಮುನಿಸು, ಮೂರು ದಿನ ಎಳೆಯುತ್ತದೆ. ಹೇಳಿದ ಹೊತ್ತಿಗೆ ನೀವೇ ಮಾತು ತೆಗೆಯಬೇಕು. ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಚಪ್ಪಲಿ ಬಿಡುತ್ತಿರುವವರ ಮುಂದೆ ಸಾಲದ ಕಂತು ತೆಗೆಯುವುದು ಮಾತ್ರ ಯಾವ ಲೆಕ್ಕಕ್ಕೂ ಸರಿಯಲ್ಲ.

ಕೂತ ಮೇಲೆ ಒಂದೇ ವಿಷಯ. “ನೀ ಯಾವಾಗ್ಲೂ ಹಿಂಗ”, “ನಿಮ್ಮವ್ವನ ಹಂಗ” ಎಂದರೆ ಗ್ಯಾಸ್ ಬಿಲ್ಲಿನ ಮಾತು ತವರುಮನೆಗೆ ಹೋಗಿ ನಿಲ್ಲುತ್ತದೆ. ಕೇಳಿಸಿಕೊಳ್ಳದೆ ಉತ್ತರ ಕೊಡುವುದನ್ನು ಬೈಬಲಿನ ಗಾದೆಗಳ ಪುಸ್ತಕ ಜ್ಞಾನೋಕ್ತಿ 18:13 ಮೂರ್ಖತನ ಎನ್ನುತ್ತದೆ. ಅವರು ಹೇಳಿದ್ದನ್ನು ಒಮ್ಮೆ ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ, ಹೌದು ಅಂದ ಮೇಲೆ ಉತ್ತರಿಸಿ. ಚುಚ್ಚಿ “ಚಾಷ್ಟಿ ಮಾಡಿದ್ನಿ” ಅನ್ನುವವರಿಗೂ ಅಲ್ಲಿ ಜಾಗವಿದೆ: 26:18-19 ಅಂಥವರನ್ನು ಕೊಳ್ಳಿ, ಬಾಣ ಬೀರುವ ಹುಚ್ಚನ ಸಾಲಿಗೆ ಸೇರಿಸುತ್ತದೆ. ಪುಣ್ಯಕ್ಕೆ ಅದನ್ನು ಮದುವೆಯಲ್ಲಿ ಓದುವುದಿಲ್ಲ, ಅರ್ಧ ಪೆಂಡಾಲು ತಲೆ ತಗ್ಗಿಸಬೇಕಾದೀತು.

ತಪ್ಪನ್ನು ಇಬ್ಬರೇ ಇದ್ದಾಗ ತಿಳಿಸಬೇಕೆಂದು ಮತ್ತಾಯ 18:15 ಹೇಳುತ್ತದೆ. ಮನೆಮಂದಿಯ ವಾಟ್ಸಾಪ್ ಗುಂಪು, ಅಕ್ಕನ ಫೋನು ಆಮೇಲಿನ ಮಾತು. ನಿಮ್ಮ ಸಿಟ್ಟು ಇಳಿದರೂ ಅಕ್ಕನದು ಇಳಿಯುವುದಿಲ್ಲ.

ಆದರೆ ಹೊಡೆತ, ಬೆದರಿಕೆ ಇರುವ ಮನೆಗೆ ಇದನ್ನೆಲ್ಲ ಹಚ್ಚಬೇಡಿ. ಅಲ್ಲಿ ಬಾಯಿ ಮುಚ್ಚಿಕೊಂಡಿರು ಎಂದು ಹೆಣ್ಣಿಗೆ ವಚನ ತೋರಿಸುವವರು ಅದೇ ಐದನೇ ಅಧ್ಯಾಯದ 11ನೇ ವಚನ ಓದಲಿ, ಕತ್ತಲೆಯ ಕೆಲಸಗಳನ್ನು ಬಯಲಿಗೆ ತರಬೇಕೆಂದಿದೆ. ಮಹಿಳಾ ಸಹಾಯವಾಣಿ ಸಂಖ್ಯೆ 181.